ಕಡೆಗಣ್ಣಿಗೂ ಕಾಣಬೇಕು: ವಿಆರ್ ಮತ್ತು ಎಆರ್ ಸಾಧನಗಳಲ್ಲಿ ನೋಟದ ಹರವು

2011ರ ಕೊನೆಯಲ್ಲಿ ಸೋನಿ ಸಂಸ್ಥೆಯು ಎಚ್‌ಎಂಝಡ್-ಟಿ1 ಎಂಬ, ತಲೆಗೆ ತೊಡುವ ಪರದೆಯೊಂದನ್ನು ಮಾರಾಟಕ್ಕೆ ತಂದಿತು. ಒಂದೊಂದು ಕಣ್ಣಿಗೂ 1280×720 ಪಿಕ್ಸೆಲ್‌ಗಳ ಪ್ರತ್ಯೇಕ ಓಎಲ್‌ಇಡಿ ಫಲಕವಿದ್ದುದರಿಂದ ಅದರ ಚಿತ್ರ ಚೊಕ್ಕಟವಾಗಿತ್ತು. 2013ರಲ್ಲಿ ಆಕ್ಯುಲಸ್ ಎಂಬ ಹೊಸ ಕಂಪನಿಯು ತಂತ್ರಾಂಶ ರಚಿಸುವವರಿಗೆಂದು ಕಳುಹಿಸಿದ, ರಿಫ್ಟ್ ಎಂಬ ಹೆಡ್‌ಸೆಟ್‌ನ (ತಲೆಗೆ ತೊಡುವ ಸಾಧನದ) ಮೊದಲ ಆವೃತ್ತಿಯಲ್ಲಾದರೋ, 1280×800 ಪಿಕ್ಸೆಲ್‌ಗಳ ಒಂದೇ ಎಲ್‌ಸಿಡಿ ಫಲಕವನ್ನು ಎರಡು ಕಣ್ಣುಗಳೂ ಹಂಚಿಕೊಳ್ಳಬೇಕಿತ್ತು. ಪಿಕ್ಸೆಲ್‌ಗಳ ನಡುವಿನ ಕಪ್ಪು ಗೆರೆಗಳು ಎದ್ದು ಕಂಡು, ಲೋಕವನ್ನು ಸೊಳ್ಳೆಪರದೆಯ ಒಳಗಿನಿಂದ ನೋಡಿದ ಹಾಗಾಗುತ್ತಿತ್ತು. ಹಾಗಿದ್ದರೂ ಕಂಪ್ಯೂಟರ್ ರಚಿಸಿದ ಲೋಕದೊಳಗೆ ನಾವೇ ಇದ್ದಂತೆ ತೋರಿಸುವ, ಆದರೆ ಮೂಲೆಗುಂಪಾಗಿದ್ದ ವರ್ಚುವಲ್ ರಿಯಾಲಿಟಿಗೆ (ವಿಆರ್) ಮರುಜೀವ ಕೊಟ್ಟದ್ದು ಈ ಮಸುಕು ಸಾಧನವೇ. ಸೋನಿಯದು ಕತ್ತಲೆಯಲ್ಲಿ ನೋಡುಗನ ಎದುರು ದೊಡ್ಡದೊಂದು ಪರದೆಯನ್ನು ತೂಗುಹಾಕುತ್ತಿತ್ತು. ರಿಫ್ಟ್ ನೋಡುಗನನ್ನೇ ದೃಶ್ಯದೊಳಗೆ ನಿಲ್ಲಿಸುತ್ತಿತ್ತು. ತಲೆ ತಿರುಗಿಸಿದತ್ತ ದೃಶ್ಯವೂ ತಿರುಗುವ ವ್ಯವಸ್ಥೆ ರಿಫ್ಟ್‌ನಲ್ಲಿದ್ದು ಸೋನಿಯ ಸಾಧನದಲ್ಲಿ ಇಲ್ಲದಿದ್ದುದು ಇದಕ್ಕೆ ಒಂದು ಕಾರಣ. ಎರಡನೆಯದು ಕೋನಕ್ಕೆ ಸಂಬಂಧಿಸಿದ್ದು. ಸೋನಿಯ ಚಿತ್ರ ಅಡ್ಡಲಾಗಿ 45 ಡಿಗ್ರಿಗಳಷ್ಟು ಹರಡಿದ್ದರೆ ರಿಫ್ಟ್‌ನ ಚಿತ್ರ ಸುಮಾರು 90 ಡಿಗ್ರಿಗಳಷ್ಟು ಹರಡಿತ್ತು.

ತಲೆಯನ್ನು ಅಲುಗಿಸದೆ ಒಂದು ಸಾಧನದ ಮೂಲಕ ನೋಡಿದಾಗ ಚಿತ್ರವು ಕಣ್ಣಿನ ಬಳಿ ಎಷ್ಟು ಕೋನವನ್ನು ತುಂಬುತ್ತದೆಯೋ ಅದೇ ಆ ಸಾಧನದ ನೋಟದ ಹರವು. ಡಿಗ್ರಿಗಳ ಲೆಕ್ಕ ಅಮೂರ್ತವೆನ್ನಿಸಿದರೆ ನಮ್ಮ ಕೈಯೇ ಅಳತೆಗೋಲಾಗುತ್ತದೆ. ತೋಳನ್ನು ಪೂರ್ತಿ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಅಗಲ ಸುಮಾರು 2 ಡಿಗ್ರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ ಮಾತ್ರ. ಸೋನಿಯ ಪರದೆ ನಾಲ್ಕೂವರೆ ಮುಷ್ಟಿಗಳಷ್ಟು ಅಗಲವಾಗಿತ್ತೆಂದರೆ ಅದೇನೂ ಚಿಕ್ಕದಲ್ಲ. ಚಿತ್ರಮಂದಿರದ ಒಳ್ಳೆಯ ಸಾಲಿನಲ್ಲಿ ಕೂತವರಿಗೆ ಕಾಣುವಷ್ಟೇ ಅದು. ಆದರೆ ಚಿತ್ರಮಂದಿರದಲ್ಲಿ ಪರದೆಯ ಅಂಚು ನಮಗೆ ಕಾಣುತ್ತದೆ, ನಾವು ಹೊರಗೆ ಕುಳಿತಿದ್ದೇವೆ ಎಂಬುದೂ ಗೊತ್ತಿರುತ್ತದೆ.

ಮನುಷ್ಯನ ದೃಷ್ಟಿಕ್ಷೇತ್ರ ಇದಕ್ಕಿಂತ ಎಷ್ಟೋ ವಿಶಾಲವಾದದ್ದು. ಎರಡೂ ಕೈಗಳನ್ನು ಬದಿಗೆ, ಕೊಂಚ ಹಿಂದಕ್ಕೆ ಚಾಚಿ, ದೃಷ್ಟಿಯನ್ನು ನೇರವಾಗಿ ನೆಟ್ಟು, ಬೆರಳುಗಳನ್ನು ಆಡಿಸುತ್ತ ಕೈಗಳನ್ನು ನಿಧಾನವಾಗಿ ಮುಂದಕ್ಕೆ ತಂದರೆ, ಅವು ಹೆಚ್ಚುಕಡಿಮೆ ಭುಜದ ನೇರಕ್ಕೆ ಬಂದಾಗಲೇ ಬೆರಳಿನ ಚಲನೆ ಅರಿವಿಗೆ ಬರುತ್ತದೆ. ಒಂದು ಕಣ್ಣು ಕಿವಿಯ ಕಡೆಗೆ ಸುಮಾರು 100 ಡಿಗ್ರಿ, ಮೂಗಿನ ಕಡೆಗೆ ಸುಮಾರು 60 ಡಿಗ್ರಿ, ಮೇಲಕ್ಕೆ ಸುಮಾರು 60, ಕೆಳಕ್ಕೆ ಸುಮಾರು 75 ಡಿಗ್ರಿಗಳವರೆಗೆ ಗ್ರಹಿಸಬಲ್ಲದು. ಎರಡೂ ಕಣ್ಣುಗಳನ್ನು ಕೂಡಿಸಿದರೆ ಅಡ್ಡಲಾಗಿ ಸುಮಾರು 200 ಡಿಗ್ರಿ ಸಿಗುತ್ತದೆ. ಅದರ ನಡುವಿನ ಸುಮಾರು 120 ಡಿಗ್ರಿಯನ್ನು ಎರಡು ಕಣ್ಣುಗಳೂ ಒಟ್ಟಿಗೆ ನೋಡುತ್ತವೆ, ಆಳದ ಅರಿವು ಮೂಡುವುದು ಆ ಭಾಗದಲ್ಲಿ.

ಇಷ್ಟು ವಿಶಾಲವಾದ ಕ್ಷೇತ್ರದಲ್ಲಿ ಅಕ್ಷರ ಓದುವಷ್ಟು ನಿಚ್ಚಳವಾದ ನೋಟ ಇರುವುದು ಅಕ್ಷಿಪಟದ ನಡುವಿನ ಒಂದೆರಡು ಡಿಗ್ರಿಗಳಲ್ಲಿ ಮಾತ್ರ, ಎಂದರೆ ಚಾಚಿದ ಹೆಬ್ಬೆರಳಿನ ಅಗಲದಷ್ಟರಲ್ಲಿ. ಉಳಿದದ್ದೆಲ್ಲ ಕಡೆಗಣ್ಣಿನ ನೋಟ. ಅದಕ್ಕೆ ಮುಖಗಳ ಗುರುತು ಹತ್ತುವುದಿಲ್ಲ, ಬಣ್ಣಗಳ ಭೇದವೂ ಕಡಿಮೆ. ಆದರೆ ಚಲನೆ ಮತ್ತು ಮಿನುಗನ್ನು ಅದು ಚುರುಕಾಗಿ ಹಿಡಿಯುತ್ತದೆ. ನಾವು ನಿಂತಿದ್ದೇವೆಯೋ ಚಲಿಸುತ್ತಿದ್ದೇವೆಯೋ, ನೆಲ ಎಲ್ಲಿದೆ, ಬಾಗಿಲ ಚೌಕಟ್ಟು ಭುಜಕ್ಕೆ ತಾಗುತ್ತದೆಯೋ ಎಂಬ ಲೆಕ್ಕಗಳೆಲ್ಲ ನಮ್ಮ ಗಮನಕ್ಕೇ ಬಾರದಂತೆ ಈ ನೋಟದ ನೆರವಿನಿಂದ ನಡೆಯುತ್ತಿರುತ್ತವೆ. ಸಾಧನದ ತಯಾರಕನು ಕಡೆಗಣ್ಣನ್ನು ಕಡೆಗಣಿಸಿದರೆ ನೋಡುಗನಿಗೆ ಚಿತ್ರದ ವಿವರಗಳೇನೂ ತಪ್ಪುವುದಿಲ್ಲ. ತಾನು ಅಲ್ಲಿಯೇ ಇದ್ದೇನೆ ಎಂಬ ಭಾವನೆ ತಪ್ಪುತ್ತದೆ. ನನ್ನ ಮಟ್ಟಿಗೆ ವಿಆರ್ ಎಂಬ ತಂತ್ರಜ್ಞಾನದ ಅರ್ಧ ಪ್ರಾಣ ಈ ಭಾವನೆಯಲ್ಲೇ ಇದೆ.

ಈ ಗುಟ್ಟು ಕಂಪ್ಯೂಟರಿಗಿಂತ ಹಳೆಯದು. ಎಡಿನ್‌ಬರೋದಲ್ಲಿದ್ದ ಚಿತ್ರಕಾರ ರಾಬರ್ಟ್ ಬಾರ್ಕರ್ 1787ರಲ್ಲಿಯೇ, ನೋಡುಗನನ್ನು ನಡುವೆ ನಿಲ್ಲಿಸಿ ಸುತ್ತಲೂ ದುಂಡಗೆ ಚಿತ್ರ ಬರೆಯುವ ಉಪಾಯಕ್ಕೆ ಪೇಟೆಂಟ್ ಪಡೆದನು. 1952ರಲ್ಲಿ ಬಂದ ಸಿನೆರಾಮ ಪದ್ಧತಿಯು ಮೂರು ಪ್ರೊಜೆಕ್ಟರ್‌ಗಳಿಂದ 146 ಡಿಗ್ರಿಗಳ ಬಾಗಿದ ಪರದೆಯನ್ನು ತುಂಬಿತು. 1968ರಲ್ಲಿ ಐವಾನ್ ಸದರ್ಲ್ಯಾಂಡ್ ಕಂಪ್ಯೂಟರ್ ಚಿತ್ರಗಳನ್ನು ತೋರಿಸುವ, ತಲೆಗೆ ತೊಡುವ ಸಾಧನವನ್ನು ವಿವರಿಸಿದಾಗ ಅದರ ಹರವು 40 ಡಿಗ್ರಿ. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಮಾರುಕಟ್ಟೆಯ ಸಾಧನಗಳು ಬಹುಮಟ್ಟಿಗೆ ಆ ಅಂಕಿಯ ಆಸುಪಾಸಿನಲ್ಲೇ ಸುತ್ತಾಡಿದವು.

ಕಡೆಗಣ್ಣಿಗೆ ದೃಶ್ಯವನ್ನು ಉಣಿಸಿದರೆ ಲಾಭದ ಜೊತೆಗೆ ಒಂದು ತೊಂದರೆಯೂ ಬರುತ್ತದೆ. ನಿಲ್ದಾಣದಲ್ಲಿ ನಿಂತ ರೈಲಿನ ಕಿಟಕಿಯ ಪಕ್ಕ ಕುಳಿತಿರುವಾಗ ಪಕ್ಕದ ಹಳಿಯ ರೈಲು ಹೊರಟರೆ, ನಮ್ಮ ರೈಲೇ ಹಿಂದಕ್ಕೆ ಚಲಿಸಿದಂತೆ ಒಂದು ಕ್ಷಣ ಭಾಸವಾಗುತ್ತದೆ. ದೃಶ್ಯದ ಚಲನೆಯೇ ದೇಹದ ಚಲನೆಯೆಂದು ತೋರುವ ಈ ಭ್ರಮೆಯು ಚಲಿಸುವ ದೃಶ್ಯ ದೃಷ್ಟಿಕ್ಷೇತ್ರವನ್ನು ಹೆಚ್ಚು ತುಂಬಿದಷ್ಟೂ ಬಲವಾಗುತ್ತದೆ. ಹೆಡ್‌ಸೆಟ್ ತೊಟ್ಟವನು ಕುರ್ಚಿಯಲ್ಲಿ ಕುಳಿತು ಕೈಯಲ್ಲಿನ ಕಡ್ಡಿಯನ್ನು ಮುಂದಕ್ಕೆ ಒತ್ತಿ ವರ್ಚುವಲ್ ಬೀದಿಯಲ್ಲಿ ಓಡಿದಾಗ, ಕಣ್ಣು ಓಡುತ್ತಿದ್ದೇವೆ ಎನ್ನುತ್ತದೆ, ಒಳಗಿವಿಯ ಸಮತೋಲನದ ಅಂಗ ಕುಳಿತಿದ್ದೇವೆ ಎನ್ನುತ್ತದೆ. ಈ ಎರಡು ವರದಿಗಳು ಹೊಂದದಿರುವುದರಿಂದಲೇ ತಲೆಸುತ್ತು, ವಾಕರಿಕೆ ಉಂಟಾಗುತ್ತವೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಘಾಟಿ ರಸ್ತೆಯ ಬಸ್ಸಿನಲ್ಲಿ ಪುಸ್ತಕ ಓದುವವರಿಗೆ ಆಗುವ ಕಸಿವಿಸಿ ಇದೇ ಬಗೆಯದು. ಅಲ್ಲಿ ದೇಹ ಚಲಿಸುತ್ತದೆ, ಕಣ್ಣು ನಿಂತಿರುತ್ತದೆ.

ಹೀಗಾಗಿ ಅಗಲವಾದ ನೋಟವೇ ಕೆಲವು ಕ್ಷಣಗಳಲ್ಲಿ ಶತ್ರುವಾಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಅಜಾಯ್ ಫರ್ನಾಂಡಿಸ್ ಮತ್ತು ಸ್ಟೀವನ್ ಫೈನರ್ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಳಕೆದಾರನು ವರ್ಚುವಲ್ ಲೋಕದಲ್ಲಿ ಸಾಗುವಾಗ ಮಾತ್ರ ಚಿತ್ರದ ಅಂಚುಗಳನ್ನು ಮೆಲ್ಲಗೆ ಕತ್ತಲಾಗಿಸಿ, ನಿಂತಾಗ ಮತ್ತೆ ತೆರೆಯಲಾಯಿತು. ಹಾಗೆ ಮಾಡಿದಾಗ ಜನರಿಗೆ ಕಸಿವಿಸಿ ಕಡಿಮೆಯಾಯಿತು, ಹೆಚ್ಚಿನವರಿಗೆ ಅಂಚು ಕಿರಿದಾದದ್ದು ತಿಳಿಯಲೂ ಇಲ್ಲ. ಅದೇ ವರ್ಷ ಬಂದ ಗೂಗಲ್ ಅರ್ಥ್‌ನ ವಿಆರ್ ಆವೃತ್ತಿಯಲ್ಲಿ ಹಾರಾಡುವಾಗ ನೋಟ ಕಿರಿದಾಗುವ ಅನುಕೂಲವಿತ್ತು. ಇಂದು ಎಷ್ಟೋ ಆಟಗಳ ಸೆಟ್ಟಿಂಗ್‌ಗಳಲ್ಲಿ ಇದು ಸಿಗುತ್ತದೆ. ಹೊಸದಾಗಿ ವಿಆರ್ ಬಳಸುವವರು ಇದನ್ನು ಮೊದಲ ದಿನವೇ ಚಾಲೂ ಮಾಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ 200 ಡಿಗ್ರಿಗಳ ಸಾಧನವನ್ನು ಎಲ್ಲರೂ ಏಕೆ ಮಾಡುವುದಿಲ್ಲ? ಉತ್ತರ ಮಸೂರದ ಜ್ಯಾಮಿತಿಯಲ್ಲಿದೆ. ವಿಆರ್ ಹೆಡ್‌ಸೆಟ್ ಮೂಲತಃ ಒಂದು ಚಿಕ್ಕ ಪರದೆ, ಅದರ ಮುಂದೆ ಒಂದು ಭೂತಗನ್ನಡಿ. ಮಸೂರದ ಸಂಗಮದೂರ, ಅಂದರೆ ಮಸೂರದಿಂದ ಪರದೆಯನ್ನು ಇಡಬೇಕಾದ ದೂರ, 40 ಮಿಲಿಮೀಟರ್ ಎಂದಿಟ್ಟುಕೊಂಡು ಸರಳ ಲೆಕ್ಕ ಹಾಕೋಣ. ನೇರನೋಟದಿಂದ ಒಂದು ಬದಿಗೆ 45 ಡಿಗ್ರಿ ತೋರಿಸಲು ಪರದೆಯು ಆ ಬದಿಗೆ 40 ಮಿಲಿಮೀಟರ್ ಚಾಚಿದ್ದರೆ ಸಾಕು; 60 ಡಿಗ್ರಿಗೆ 69 ಮಿಲಿಮೀಟರ್ ಬೇಕು; 75 ಡಿಗ್ರಿಗೆ 149 ಮಿಲಿಮೀಟರ್ ಬೇಕು. ಕೋನ ಸಮನಾಗಿ ಏರಿದರೂ ಪರದೆಯ ಅಗಲ ಹಾಗೆ ಏರದೆ ಜಿಗಿಯುತ್ತ ಹೋಗುತ್ತದೆ. ಮೂಗಿನ ಕಡೆಗಂತೂ ಜಾಗವೇ ಇಲ್ಲ: ಎರಡು ಕಣ್ಣುಪಾಪೆಗಳ ನಡುವಿನ ಅಂತರ ವಯಸ್ಕರಲ್ಲಿ ಸರಾಸರಿ 63 ಮಿಲಿಮೀಟರ್ ಇರುವುದರಿಂದ, ಪ್ರತಿ ಕಣ್ಣಿನ ಪರದೆಗೆ ಒಳಬದಿಯಲ್ಲಿ ಸಿಗುವುದು ಸುಮಾರು 31 ಮಿಲಿಮೀಟರ್ ಮಾತ್ರ. ನಿಜವಾದ ಹೆಡ್‌ಸೆಟ್‌ಗಳಲ್ಲಿ ಮಸೂರಗಳನ್ನು ಬೇಕೆಂದೇ ಚಿತ್ರವನ್ನು ಹಿಗ್ಗಿಸುವಂತೆ ರೂಪಿಸಿ, ಆ ವಿರೂಪವನ್ನು ತಂತ್ರಾಂಶದಿಂದ ತಿದ್ದಿ, ಈ ಇಕ್ಕಟ್ಟನ್ನು ಸ್ವಲ್ಪ ಸಡಿಲಿಸುತ್ತಾರೆ. ವಾಲ್ವ್ ಕಂಪನಿಯ 2019ರ ಇಂಡೆಕ್ಸ್ ಹೆಡ್‌ಸೆಟ್‌ನಲ್ಲಿ ಎರಡೂ ಕಣ್ಣುಗಳ ಮಸೂರ ಮತ್ತು ಪರದೆಗಳನ್ನು ತಲಾ 5 ಡಿಗ್ರಿಗಳಷ್ಟು ಹೊರಕ್ಕೆ ಓರೆಯಾಗಿಸಿದ್ದು, ಕಿವಿಯ ಕಡೆಯ ನೋಟವನ್ನು ಹಿಗ್ಗಿಸುವ ಉಪಾಯಗಳಲ್ಲಿ ಒಂದು. ಹೀಗೆ ಓರೆಯಾಗಿಸುತ್ತ ಹೋದರೆ ಎರಡೂ ಕಣ್ಣುಗಳು ಒಟ್ಟಿಗೆ ನೋಡುವ ನಡುಭಾಗ ಕಿರಿದಾಗುತ್ತದೆ. ಒಂದೇ ಕಣ್ಣಿಗೆ ಕಾಣುವ ಭಾಗ ಶುರುವಾಗುವಲ್ಲಿ ಅರ್ಧಚಂದ್ರಾಕಾರದ ಮಬ್ಬು ನೆರಳು ಕಾಣಿಸಿಕೊಳ್ಳಬಹುದು. ಒಟ್ಟು ಅಗಲ ಹೆಚ್ಚಿತು ಎಂಬ ಜಾಹೀರಾತಿನ ಹಿಂದೆ ಈ ನಷ್ಟ ಅಡಗಿರಬಹುದು.

ಕಣ್ಣಿಗೂ ಮಸೂರಕ್ಕೂ ನಡುವಿನ ದೂರವು ಇದಕ್ಕಿಂತಲೂ ದೊಡ್ಡ ವ್ಯತ್ಯಾಸ ಮಾಡುತ್ತದೆ. ಗೋಡೆಯ ಕಿಂಡಿಗೆ ಕಣ್ಣನ್ನು ಒತ್ತಿ ನೋಡಿದರೆ ಇಡೀ ಅಂಗಳ ಕಾಣುತ್ತದೆ, ಒಂದು ಹೆಜ್ಜೆ ಹಿಂದೆ ಸರಿದರೆ ತುಳಸಿಕಟ್ಟೆ ಮಾತ್ರ ಕಾಣುತ್ತದೆ. 50 ಮಿಲಿಮೀಟರ್ ವ್ಯಾಸದ ಮಸೂರವು ಕಣ್ಣಿನಿಂದ 15 ಮಿಲಿಮೀಟರ್ ದೂರದಲ್ಲಿದ್ದರೆ ಅದರ ಮೂಲಕ ಹೆಚ್ಚೆಂದರೆ 118 ಡಿಗ್ರಿ ಕಾಣಬಹುದು. 25 ಮಿಲಿಮೀಟರ್ ದೂರದಲ್ಲಿದ್ದರೆ 90 ಡಿಗ್ರಿ. ಒಂದು ಸೆಂಟಿಮೀಟರ್ ಹಿಂದೆ ಸರಿದುದಕ್ಕೆ 28 ಡಿಗ್ರಿಗಳ ದಂಡ. ಕನ್ನಡಕ ಹಾಕುವವರು, ಕಣ್ಣು ಕೊಂಚ ಒಳಗಿರುವವರು, ಹಣೆ ಉಬ್ಬಿರುವವರು ಅದೇ ಸಾಧನವನ್ನು ತೊಟ್ಟು ಬೇರೆಯದೇ ಅಗಲವನ್ನು ನೋಡುತ್ತಾರೆ. ಮಸೂರವನ್ನು ಕಣ್ಣಿನ ಹತ್ತಿರಕ್ಕೆ ತರುವ ತಿರುಗುಗುಂಡಿ ಇಂಡೆಕ್ಸ್‌ನಲ್ಲಿ ಇದ್ದುದು ಇದೇ ಕಾರಣಕ್ಕೆ. ಡಬ್ಬಿಯ ಮೇಲೆ ಅಚ್ಚಾದ ಅಂಕಿಯು ಯಾರದೋ ಮುಖಕ್ಕೆ ನಿಜವಾದ ಅಂಕಿ, ನಮ್ಮ ಮುಖಕ್ಕೆ ನಿಜವಾಗಬೇಕೆಂದಿಲ್ಲ.

ಇನ್ನು ಪಿಕ್ಸೆಲ್‌ಗಳ ಲೆಕ್ಕ. ಒಂದು ಡಿಗ್ರಿಯೊಳಗೆ ಸುಮಾರು 60 ಪಿಕ್ಸೆಲ್‌ಗಳಿದ್ದರೆ, ಕಣ್ಣಿನ ವೈದ್ಯರು 6/6 ಎಂದು ಬರೆಯುವ ಆರೋಗ್ಯವಂತ ದೃಷ್ಟಿಗೆ ಪಿಕ್ಸೆಲ್‌ಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ರಿಫ್ಟ್‌ನ ಮೊದಲ ಆವೃತ್ತಿ ಪ್ರತಿ ಕಣ್ಣಿಗೆ ಸಿಗುತ್ತಿದ್ದ 640 ಪಿಕ್ಸೆಲ್‌ಗಳನ್ನು 90 ಡಿಗ್ರಿಗಳ ಮೇಲೆ ಹರಡಿತು. ಡಿಗ್ರಿಗೆ 7 ಬಂತು. ಅದು ದೃಷ್ಟಿಪರೀಕ್ಷೆಯ ಫಲಕದಲ್ಲಿ ಎಲ್ಲಕ್ಕಿಂತ ಮೇಲಿರುವ ದೊಡ್ಡ ಅಕ್ಷರವನ್ನಷ್ಟೇ ಓದಬಲ್ಲ, 6/60ರ ಹತ್ತಿರದ ದೃಷ್ಟಿ. ಸೋನಿಯ ಸಾಧನ 1280 ಪಿಕ್ಸೆಲ್‌ಗಳನ್ನು 45 ಡಿಗ್ರಿಗಳಲ್ಲಿ ಒತ್ತೊತ್ತಾಗಿ ಇಟ್ಟದ್ದರಿಂದ ಡಿಗ್ರಿಗೆ 28 ಸಿಗುತ್ತಿತ್ತು. ರಿಫ್ಟ್‌ನ ಆ ಆವೃತ್ತಿಯ ಹತ್ತು ವರ್ಷಗಳ ನಂತರ, 2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3 ಪ್ರತಿ ಕಣ್ಣಿಗೆ 2064×2208 ಪಿಕ್ಸೆಲ್‌ಗಳನ್ನು ಅಡ್ಡಲಾಗಿ 110 ಡಿಗ್ರಿ, ಮೇಲಿಂದ ಕೆಳಕ್ಕೆ 96 ಡಿಗ್ರಿಗಳಲ್ಲಿ ಹರಡಿ, ಚಿತ್ರದ ನಡುಭಾಗದಲ್ಲಿ ಡಿಗ್ರಿಗೆ 25 ಎಂಬ ಅಂಕಿಯನ್ನು ಮುಟ್ಟಿತು (ಪೂರ್ತಿ ಅಗಲಕ್ಕೆ ಭಾಗಿಸಿದರೆ ಸರಾಸರಿ ಸುಮಾರು 19). ಒಂದು ಕಣ್ಣಿನ ಪೂರ್ತಿ 160 ಡಿಗ್ರಿ ಅಗಲ, 135 ಡಿಗ್ರಿ ಎತ್ತರಕ್ಕೆ ಡಿಗ್ರಿಗೆ 60ರಂತೆ ತುಂಬಬೇಕೆಂದರೆ 9600×8100, ಸುಮಾರು ಏಳೂಮುಕ್ಕಾಲು ಕೋಟಿ ಪಿಕ್ಸೆಲ್‌ಗಳು ಬೇಕು. 4ಕೆ ಟಿವಿಯಲ್ಲಿ ಇರುವುದು ಸುಮಾರು 83 ಲಕ್ಷ. ಒಂದೊಂದು ಕಣ್ಣಿಗೂ ಒಂಬತ್ತು ಟಿವಿಗಳಷ್ಟು ಚಿತ್ರವನ್ನು ಸೆಕೆಂಡಿಗೆ 90 ಬಾರಿ ರಚಿಸಬೇಕಾದ ಹೊರೆ ಇದು. ಕಣ್ಣು ನೆಟ್ಟ ಒಂದೆರಡು ಡಿಗ್ರಿಗಳ ಹೊರಗೆ ನೋಟ ಹೇಗೂ ಮಬ್ಬಾಗಿರುತ್ತದೆ ಎಂಬ ಶರೀರಧರ್ಮವೇ ಇಲ್ಲಿ ನೆರವಿಗೆ ಬರುತ್ತದೆ: ಕಣ್ಣಿನ ಚಲನೆಯನ್ನು ಕ್ಯಾಮೆರಾಗಳಿಂದ ಹಿಂಬಾಲಿಸಿ, ನೋಡುತ್ತಿರುವ ಕಡೆ ಮಾತ್ರ ಪೂರ್ಣ ವಿವರ ಬಿಡಿಸಿ, ಉಳಿದೆಡೆ ಒರಟಾಗಿ ಬಿಡಿಸುವ ವಿಧಾನವನ್ನು 2023ರ ಪ್ಲೇಸ್ಟೇಷನ್ ವಿಆರ್2 ಮನೆಬಳಕೆಗೆ ತಂದಿತು. ಅದರಿಂದ ಚಿತ್ರ ರಚಿಸುವ ಹೊರೆ ಇಳಿಯುತ್ತದೆಯೇ ಹೊರತು ಪರದೆಯ ಮೇಲೆ ಇರಬೇಕಾದ ಪಿಕ್ಸೆಲ್‌ಗಳ ಸಂಖ್ಯೆ ಇಳಿಯುವುದಿಲ್ಲ.

ನಿಜಲೋಕದ ನೋಟದ ಮೇಲೆಯೇ ಕಂಪ್ಯೂಟರ್ ಚಿತ್ರಗಳನ್ನು ಕೂಡಿಸುವ ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್ ಕನ್ನಡಕಗಳಿಗೆ ಬಂದಾಗ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ವಿಆರ್‌ನಲ್ಲಿ ನೋಟದ ಹರವು ಮುಗಿದಲ್ಲಿ ಕತ್ತಲೆ ಇರುತ್ತದೆ. ಈಜುಗಾರನ ಕನ್ನಡಕ ಹಾಕಿಕೊಂಡಂತೆ ಅನ್ನಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅದು ಮರೆತೂ ಹೋಗುತ್ತದೆ. ಗಾಜಿನ ಮೂಲಕ ನಿಜಲೋಕವನ್ನೇ ತೋರಿಸುವ ಎಆರ್ ಕನ್ನಡಕದಲ್ಲಿ ಹರವು ಮುಗಿದಾಚೆಗೂ ಗೋಡೆ, ಮೇಜು, ಎದುರಿನ ಮನುಷ್ಯ ಎಲ್ಲವೂ ಕಾಣುತ್ತಿರುತ್ತವೆ; ಕತ್ತರಿಸಿ ಹೋಗುವುದು ಕಂಪ್ಯೂಟರ್ ರಚಿಸಿದ ವಸ್ತು ಮಾತ್ರ. ಮೇಜಿನ ಮೇಲೆ ನಿಂತ ವರ್ಚುವಲ್ ಎಂಜಿನ್ನಿನ ಅರ್ಧ ಭಾಗ ಮೇಜಿನ ಉಳಿದ ಭಾಗದ ಮೇಲೆ ಇದ್ದಕ್ಕಿದ್ದಂತೆ ಇಲ್ಲವಾದರೆ, ಅದು ಅಲ್ಲಿ ನಿಜವಾಗಿ ಇದೆ ಎಂಬ ನಂಬಿಕೆ ಆ ಗಳಿಗೆಯಲ್ಲೇ ಮುರಿಯುತ್ತದೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಎಆರ್ ಕನ್ನಡಕ ತೊಟ್ಟವನ ಕಡೆಗಣ್ಣಿಗೆ ನಿಜವಾದ ನೆಲ, ನಿಜವಾದ ಬಾಗಿಲು ಸಿಗುತ್ತಲೇ ಇರುವುದರಿಂದ ಅವನಿಗೆ ವಾಕರಿಕೆಯ ಕಾಟ ಕಡಿಮೆ. ಕ್ಯಾಮೆರಾಗಳ ಮೂಲಕ ಹೊರಲೋಕವನ್ನು ಪರದೆಯ ಮೇಲೆ ತೋರಿಸುವ ಹೆಡ್‌ಸೆಟ್‌ಗಳಲ್ಲಿ ಈ ಅನುಕೂಲವಿಲ್ಲ. ಅಲ್ಲಿ ನಿಜಲೋಕವೂ ಅದೇ ಕಿಟಕಿಯೊಳಗೆ ಸೆರೆಯಾಗಿರುತ್ತದೆ. ಅಂಥದ್ದನ್ನು ತೊಟ್ಟು ಅಡುಗೆಮನೆಯಲ್ಲಿ ಓಡಾಡುವವರು ಪಕ್ಕದಿಂದ ಬರುವ ಮಗುವನ್ನು ಕಾಣಲಾರರು ಎಂಬುದನ್ನು ಮರೆಯಬಾರದು.

ವರ್ಚುವಲ್ ವಸ್ತು ಹೀಗೆ ಅಂಚಿನಲ್ಲಿ ಕತ್ತರಿಸಿಹೋಗುವುದಕ್ಕೆ ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಎಂಬ ಎಆರ್ ಸಾಧನ ಸ್ಪಷ್ಟ ಉದಾಹರಣೆ. 2016ರಲ್ಲಿ ತಂತ್ರಾಂಶ ರಚಿಸುವವರಿಗೆ ಸಿಕ್ಕ ಮೊದಲ ಆವೃತ್ತಿಯ ಹರವು ಅಡ್ಡಲಾಗಿ ಸುಮಾರು 30 ಡಿಗ್ರಿ, ಮೇಲಿಂದ ಕೆಳಕ್ಕೆ ಸುಮಾರು 17.5 ಡಿಗ್ರಿ. 1.7 ಮೀಟರ್ ಎತ್ತರದ ವರ್ಚುವಲ್ ವ್ಯಕ್ತಿಯೊಬ್ಬ ಆ 17.5 ಡಿಗ್ರಿಗಳೊಳಗೆ ಅಡಿಯಿಂದ ಮುಡಿಯವರೆಗೆ ಹಿಡಿಸಬೇಕೆಂದರೆ ಅವನು ಸುಮಾರು ಐದೂವರೆ ಮೀಟರ್ ದೂರದಲ್ಲಿ ನಿಂತಿರಬೇಕು. ನಮ್ಮ ಎಷ್ಟೋ ಮನೆಗಳ ಹಜಾರವೂ ಅಷ್ಟು ಉದ್ದವಿಲ್ಲ. ಮಾತಾಡುವ ದೂರಕ್ಕೆ ಅವನು ಹತ್ತಿರ ಬಂದರೆ ಒಮ್ಮೆಗೆ ಮುಖ ಮತ್ತು ಎದೆಯ ಮೇಲ್ಭಾಗವಷ್ಟೇ ಕಂಡೀತು. 2019ರ ಎರಡನೆಯ ಆವೃತ್ತಿಯಲ್ಲಿ ಎತ್ತರ 29 ಡಿಗ್ರಿಗೆ ಏರಿದಾಗ ಆ ದೂರ ಸುಮಾರು 3.3 ಮೀಟರಿಗೆ ಇಳಿಯಿತು. 2022ರ ಮ್ಯಾಜಿಕ್ ಲೀಪ್ 2 ತನ್ನ ಚೌಕಟ್ಟನ್ನೇ ನಿಲ್ಲಿಸಿ, ಅಗಲಕ್ಕಿಂತ ಎತ್ತರವನ್ನು ಹೆಚ್ಚಿಸಿ, ಸುಮಾರು 45 ಡಿಗ್ರಿ ಅಗಲ, 55 ಡಿಗ್ರಿಯ ಹತ್ತಿರದ ಎತ್ತರ ಕೊಟ್ಟಿತು; ಅದರಲ್ಲಿ ಅದೇ ವ್ಯಕ್ತಿ 1.7 ಮೀಟರಿನ ಆಸುಪಾಸಿನಲ್ಲಿ ನಿಂತರೂ ಪೂರ್ತಿ ಕಾಣುತ್ತಾನೆ. ಮನುಷ್ಯರು, ಬಾಗಿಲುಗಳು, ಯಂತ್ರಗಳು ನಿಂತಿರುವ ಲೋಕಕ್ಕೆ ನಿಂತ ಚೌಕಟ್ಟೇ ಹೆಚ್ಚು ಸಲ್ಲುತ್ತದೆ ಎಂಬ ಈ ತೀರ್ಮಾನ ನನಗೆ ಬಹಳ ಸರಿಯೆನ್ನಿಸುತ್ತದೆ. ಸಿನಿಮಾ ಪರದೆಯ ಅಳತೆಯಿಂದ ಕನ್ನಡಕವನ್ನು ಯೋಚಿಸುವ ಅಭ್ಯಾಸ ಅಲ್ಲಿ ಬಿಟ್ಟುಹೋಗಿದೆ.

ಹೋಲೋಲೆನ್ಸ್ 2ನ್ನು ಬಾರ್ಸಿಲೋನಾದಲ್ಲಿ ಪ್ರಕಟಿಸಿದಾಗ, ನೋಟದ ಹರವು ಎರಡು ಪಟ್ಟಿಗೂ ಹೆಚ್ಚಾಗಿದೆ ಎಂದು ಹೇಳಲಾಯಿತು. ಮೂಲೆಯಿಂದ ಮೂಲೆಗೆ ಅಳೆದರೆ 34 ಡಿಗ್ರಿ 52 ಡಿಗ್ರಿ ಆಗಿತ್ತು, ಎಂದರೆ ಒಂದೂವರೆ ಪಟ್ಟು. ಅಗಲ ಮತ್ತು ಎತ್ತರಗಳನ್ನು ಗುಣಿಸಿದ ಕ್ಷೇತ್ರಫಲ ಎರಡು ಪಟ್ಟನ್ನು ದಾಟಿತ್ತು. ಎರಡೂ ಲೆಕ್ಕಗಳು ಸರಿಯಾದವೇ, ಆದರೆ ಕೇಳಿದವರು ಅಗಲವೇ ಎರಡು ಪಟ್ಟಾಯಿತೆಂದು ತಿಳಿದರೆ ಅದು ಅವರ ತಪ್ಪಲ್ಲ. ಕರ್ಣದ ಉದ್ದಕ್ಕೆ ಅಳೆದ ಅಂಕಿ ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ. ಅಗಲ, ಎತ್ತರ, ಕರ್ಣ ಈ ಮೂರರಲ್ಲಿ ಯಾವುದೆಂದು ಹೇಳದ ಡಿಗ್ರಿಯಿಂದ ಕೊಳ್ಳುವವನಿಗೆ ಪ್ರಯೋಜನವಿಲ್ಲ.

ಎಆರ್ ಕನ್ನಡಕದ ಹರವನ್ನು ಹಿಗ್ಗಿಸುವುದು ವಿಆರ್‌ಗಿಂತ ಏಕೆ ಕಷ್ಟವೆಂದರೆ, ಪರದೆಯನ್ನು ಕಣ್ಣಿನ ಮುಂದೆ ಇಡುವಂತಿಲ್ಲ. ಪಕ್ಕದಲ್ಲಿರುವ ಪುಟ್ಟ ಪ್ರೊಜೆಕ್ಟರಿನ ಬೆಳಕು ತೆಳುವಾದ ಗಾಜಿನೊಳಗೆ ನುಗ್ಗಿ, ಎರಡು ಮೈಗಳ ನಡುವೆ ಪುಟಿಯುತ್ತ ಸಾಗಿ, ಕಣ್ಣಿನ ಮುಂದೆ ಬಂದಾಗ ಅತಿಸೂಕ್ಷ್ಮ ಗೀರುಗಳಿಂದಲೋ ಅರೆಪಾರಕ ಕನ್ನಡಿಗಳಿಂದಲೋ ಹೊರಕ್ಕೆ ತಿರುಗುತ್ತದೆ. ಹೈಸ್ಕೂಲಿನಲ್ಲಿ ಓದಿದ ಸಂಪೂರ್ಣ ಆಂತರಿಕ ಪ್ರತಿಫಲನ ಇದೇ. ಸಾಮಾನ್ಯ ಗಾಜಿನೊಳಗೆ ಬೆಳಕು ಹೀಗೆ ಪುಟಿಯಬೇಕಾದರೆ ಅದು ಮೈಗೆ ಎಳೆದ ಲಂಬದಿಂದ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿಯಬೇಕು. ತೀರಾ ಓರೆಯಾದರೆ ಬೇಕಾದಷ್ಟು ಸಲ ಪುಟಿಯುವುದೇ ಇಲ್ಲ. ಚಿತ್ರದ ಎಡ ಅಂಚಿನಿಂದ ಬಲ ಅಂಚಿನವರೆಗಿನ ಕಿರಣಗಳೆಲ್ಲವೂ ಈ ಎರಡು ಮಿತಿಗಳ ನಡುವೆ ಹಿಡಿಸಬೇಕು. ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.8 ಇರುವ ಗಾಜಿನಲ್ಲಿ ಕೆಳಗಿನ ಮಿತಿ ಸುಮಾರು 34 ಡಿಗ್ರಿಗೆ ಇಳಿಯುತ್ತದೆ, 2.6ರ ಆಸುಪಾಸಿನ ಸೂಚ್ಯಂಕವಿರುವ ಸಿಲಿಕಾನ್ ಕಾರ್ಬೈಡ್‌ನಲ್ಲಿ ಸುಮಾರು 23 ಡಿಗ್ರಿಗೆ ಇಳಿಯುತ್ತದೆ, ಅಷ್ಟರಮಟ್ಟಿಗೆ ಹೆಚ್ಚು ಅಗಲದ ಚಿತ್ರಕ್ಕೆ ದಾರಿಯಾಗುತ್ತದೆ. 2024ರಲ್ಲಿ ಮೆಟಾ ತೋರಿಸಿದ ಓರಿಯಾನ್ ಎಂಬ ಮಾದರಿ ಕನ್ನಡಕವು ಸುಮಾರು 70 ಡಿಗ್ರಿ ಮುಟ್ಟಿದ್ದು ಇದೇ ವಸ್ತುವಿನ ಬಲದಿಂದ. ಅದನ್ನು ಮಾರಾಟಕ್ಕೆ ಇಡದೆ ಮಾದರಿಯಾಗಿಯೇ ಉಳಿಸಿಕೊಂಡದ್ದಕ್ಕೆ ಆ ವಸ್ತುವಿನ ದುಬಾರಿತನವೂ ಕಾರಣ. ಇದರ ಮೇಲೆ ಬೆಳಕಿನ ಹಂಚಿಕೆಯ ಕಟ್ಟುಪಾಡು ಬೇರೆ: ಇದ್ದಷ್ಟೇ ಬೆಳಕನ್ನು ಹೆಚ್ಚು ಕೋನಕ್ಕೆ ಹರಡಿದರೆ ಚಿತ್ರ ಮಂಕಾಗುತ್ತದೆ, ಬಿಸಿಲಿನಲ್ಲಿ ಕಾಣದಾಗುತ್ತದೆ, ಕಣ್ಣು ಕೊಂಚ ಸರಿದರೂ ಚಿತ್ರ ತಪ್ಪದಂತೆ ಮಾಡಲು ಮತ್ತಷ್ಟು ಬೆಳಕು ಸೋರಿಹೋಗುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಗಳಿಸಬೇಕಾದ ಡಿಗ್ರಿಗಳು ಎಲ್ಲ ಕೆಲಸಕ್ಕೂ ಬೇಕಾಗಿಯೂ ಇಲ್ಲ. ರಾತ್ರಿ ಹಾರಾಟದಲ್ಲಿ ಸೇನೆಯ ಪೈಲಟ್‌ಗಳು ತೊಡುವ ಸಾಮಾನ್ಯ ರಾತ್ರಿನೋಟದ ಕನ್ನಡಕಗಳ ಹರವು 40 ಡಿಗ್ರಿ. ಕೊರತೆಯನ್ನು ಅವರು ತಲೆಯನ್ನು ಎಡಬಲಕ್ಕೆ ಸದಾ ತಿರುಗಿಸುವ ತರಬೇತಿಯಿಂದ ತುಂಬಿಕೊಳ್ಳುತ್ತಾರೆ. 2025ರಲ್ಲಿ ಮಾರಾಟಕ್ಕೆ ಬಂದ ಮೆಟಾ ರೇ-ಬ್ಯಾನ್ ಡಿಸ್‌ಪ್ಲೇ ಕನ್ನಡಕದಲ್ಲಿ ಒಂದೇ ಕಣ್ಣಿಗೆ 20 ಡಿಗ್ರಿಗಳ ಚಿಕ್ಕ ಚಿತ್ರವಿದೆ, ಆದರೆ ಡಿಗ್ರಿಗೆ 42 ಪಿಕ್ಸೆಲ್‌ಗಳಿವೆ. ಸಂದೇಶ ಓದಲು, ಮುಂದಿನ ತಿರುವು ಎಡಕ್ಕೋ ಬಲಕ್ಕೋ ಎಂದು ತಿಳಿಯಲು, ಎದುರಿನವರ ಮಾತನ್ನು ಅಕ್ಷರಗಳಲ್ಲಿ ಕಾಣಲು ಎರಡು ಮುಷ್ಟಿಗಳಷ್ಟು ಅಗಲ ಧಾರಾಳವಾಗಿ ಸಾಕು. ಅಲ್ಲಿ ಬೇಕಾದದ್ದು ನಿಚ್ಚಳತೆ ಮತ್ತು ದಿನವಿಡೀ ಮೂಗಿನ ಮೇಲೆ ಹೊರಬಹುದಾದ ಹಗುರತನ. ಕೋಣೆಯಷ್ಟು ದೊಡ್ಡ ಯಂತ್ರದ ಸುತ್ತ ನಡೆದಾಡಿ ದುರಸ್ತಿ ಕಲಿಯುವವನಿಗೆ ಅದೇ 20 ಡಿಗ್ರಿ ಬೀಗದ ಕಿಂಡಿಯಂತಾಗುತ್ತದೆ: ಯಾವ ಭಾಗ ಎಲ್ಲಿದೆ ಎಂದು ಅವನು ತಲೆಯಾಡಿಸಿ ಹುಡುಕಬೇಕು, ಹುಡುಕಿದ್ದನ್ನೆಲ್ಲ ನೆನಪಿನಲ್ಲಿ ಜೋಡಿಸಿಕೊಳ್ಳಬೇಕು.

ಸಾಧನವನ್ನು ಪರೀಕ್ಷಿಸಲು ಅವಕಾಶ ಸಿಕ್ಕಾಗ ಹೀಗೆ ಮಾಡಬಹುದು. ನಿತ್ಯ ಕನ್ನಡಕ ಹಾಕುವವರು ಅದನ್ನು ತೆಗೆಯದೆ ಹೆಡ್‌ಸೆಟ್ ತೊಡಲಿ. ನೋಟವನ್ನು ನೇರಕ್ಕೆ ನೆಟ್ಟು ಚಿತ್ರದ ಅಂಚು ನಾಲ್ಕೂ ಕಡೆ ಎಲ್ಲಿ ಮುಗಿಯುತ್ತದೆ ಎಂದು ಗಮನಿಸಲಿ, ಬಳಿಕ ತಲೆ ಅಲುಗಿಸದೆ ಕಣ್ಣನ್ನು ಮಾತ್ರ ಬದಿಗೆ ಹೊರಳಿಸಿ ಅಲ್ಲಿನ ಅಕ್ಷರಗಳು ಓದಲು ಬರುತ್ತವೆಯೇ ಎಂದು ನೋಡಲಿ. ನಡುವೆ ಚೊಕ್ಕಟವಾಗಿದ್ದು ಅಂಚಿನಲ್ಲಿ ಕಲಸಿಹೋಗುವ ಮಸೂರಗಳು ಬಹಳ ಇವೆ. ಕೊನೆಗೆ, ಎದುರು ನೋಡುತ್ತಿರುವಾಗಲೇ ಸ್ವಂತ ಕೈಗಳನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ಅವು ಎಷ್ಟು ಕಾಣುತ್ತವೆ ಎಂದು ಪರೀಕ್ಷಿಸಲಿ. ಕಣ್ಣು ಕೆಳಕ್ಕೆ 75 ಡಿಗ್ರಿಗಳವರೆಗೆ ನೋಡಬಲ್ಲದಾದರೂ ಹೆಚ್ಚಿನ ಹೆಡ್‌ಸೆಟ್‌ಗಳು 50ರ ಆಸುಪಾಸಿನಲ್ಲೇ ನಿಲ್ಲುತ್ತವೆ, ಮತ್ತು ನಾವು ಕೈಯಿಂದ ಮಾಡುವ ಬಹುಪಾಲು ಕೆಲಸಗಳು ನಡೆಯುವುದು ಆ ಗೆರೆಯ ಕೆಳಗೆ.